ಎಂಟು ಗಂಟೆಯ ಗಂಡಸು

ನಮ್ಮೂರು ದುರ್ರೆಸ್. ಆಚೆ ದಡದಲ್ಲಿ ಇಟಲಿ.
ನಡುವಿನ ಸಮುದ್ರಕ್ಕೆ ರಾಜಕೀಯ ತಿಳಿಯದು;
ಬೇಸಿಗೆಯ ರಾತ್ರಿ, ಮೋಡವಿಲ್ಲದಿದ್ದರೆ,
ಅಲೆಗಳ ಮೇಲೆ ಜಾರಿಕೊಂಡು ಬಂದೇಬಿಡುತ್ತಿತ್ತು
ಶತ್ರುದೇಶದ ಸೋಪಿನ ಜಾಹೀರಾತು.

ಮಳೆ ಬಂದರೆ ಮಾತ್ರ ನಮ್ಮವರು:
ಟ್ರ್ಯಾಕ್ಟರು, ಕ್ರೋಮಿಯಂ ಗಣಿ, ಚಪ್ಪಾಳೆ,
ಮೊದಲು ನಿಲ್ಲಿಸುವವನು ಯಾರೆಂದು
ಕಾಯುತ್ತಿದ್ದ ಇನ್ನಷ್ಟು ಚಪ್ಪಾಳೆ.
ಏಳು ವರ್ಷದವಳು ನಾನು ಮಳೆಯನ್ನು ದ್ವೇಷಿಸಿದ್ದು
ಶುದ್ಧ ರಾಜಕೀಯ ಕಾರಣಕ್ಕೆ.

ಆಂಟೆನಾ ಮಾಡಿದವನು ಸೋದರಮಾವ, ರಬ್ಬರ್ ಕಾರ್ಖಾನೆಯ ಫಿಟ್ಟರ್:
ಎರಡು ಮೀನಿನ ಡಬ್ಬಿ, ಸೈಕಲ್ಲಿನ ಕಡ್ಡಿ, ಒಂದಿಷ್ಟು ತಂತಿ.
ಹಗಲು ಅದು ರಜಾಯಿಯ ಪೆಟ್ಟಿಗೆಯಲ್ಲಿ ಮಲಗುತ್ತಿತ್ತು.
ರಾತ್ರಿ ಹಿಡಿದು ನಿಲ್ಲುವವನು ಅವನ ಮಗ, ಮಾರೆಂಗ್ಲೆನ್.
ಮಾರ್ಕ್ಸ್, ಎಂಗೆಲ್ಸ್, ಲೆನಿನ್:
ಮೂರು ಗಡ್ಡ ಸೇರಿಸಿ ಹೊಲಿದ ಹೆಸರು.
ತಾರಸಿಯಿಂದ ಪಿಸುದನಿ: ‘ಈಗ ಬಂತಾ?’
‘ಇಲ್ಲ.’
‘ಈಗ?’
‘ಹ್ಞಾಂ ಹ್ಞಾಂ, ಹಾಗೇ ನಿಂತಿರು, ಉಸಿರಾಡಬೇಡ.’
ಹೀಗೆ ಮೂರು ಗಡ್ಡಗಳೂ ಕೈ ಮೇಲೆತ್ತಿ
ತಾಸುಗಟ್ಟಲೆ ನಿಂತವು ಚಳಿಯಲ್ಲಿ,
ಒಂದು ಅಂಗಿ ಇನ್ನೊಂದಕ್ಕಿಂತ ಬೆಳ್ಳಗಾಗುವುದನ್ನು
ನಾವು ನೋಡಲೆಂದು.

ಅಜ್ಜಿ ಹಾತಿಜೆಗೆ ಸೋಪು ಬೇಡ. ಅವಳಿಗೆ ಬೇಕಾದ್ದು
ಎಂಟು ಗಂಟೆಗೆ ಬರುವ ವಾರ್ತೆಯ ಗಂಡಸು.
ಐದು ನಿಮಿಷ ಮುಂಚೆಯೇ ಮುಖ ತೊಳೆದು, ತಲೆಗೆ ಬಟ್ಟೆ ಕಟ್ಟಿ,
ಮೊಣಕಾಲು ಮುಚ್ಚಿಕೊಂಡು ಕೂರುವಳು:
ಅನ್ಯ ಗಂಡಸು ನೇರ ನಮ್ಮ ಕೋಣೆಯೊಳಗೇ ನೋಡುತ್ತಾನಲ್ಲ!
‘ಶುಭ ಸಂಜೆ’ ಎನ್ನುವನು ಅವನು, ಇಟಾಲಿಯನ್ನಿನಲ್ಲಿ.
‘ನಿನಗೂ ಮಗನೇ. ಊಟ ಆಯ್ತಾ?
ಯಾಕೋ ಇಳಿದುಹೋಗಿದ್ದೀಯ’ ಎನ್ನುವಳು ಇವಳು.
ಅವನು ಉತ್ತರವಾಗಿ ಯಾವುದೋ ಮಂತ್ರಿಯ ರಾಜೀನಾಮೆ ಹೇಳುವನು.
‘ಅಯ್ಯೋ’ ಎನ್ನುವಳು. ಒಂದಕ್ಷರ ತಿಳಿಯದು ಅವಳಿಗೆ.

ಕೆಳಮನೆಯ ಜೆವಾಹಿರ್ ಆಗಾಗ ಉಪ್ಪು ಕೇಳಿಕೊಂಡು ಬರುತ್ತಿದ್ದ.
ವಾರಕ್ಕೆ ಮೂರು ಸಲ ಉಪ್ಪು! ಇಡೀ ಸಮುದ್ರ ಬಾಗಿಲಲ್ಲೇ ಇದ್ದರೂ.
ಕೊಡುವಾಗ ಅಮ್ಮನ ಕೈ ನಡುಗುತ್ತಿತ್ತು,
ಅವನ ಕಣ್ಣು ಟೀವಿಯ ಮೇಲಿನ ಖಾಲಿ ಕೋಲಾ ಡಬ್ಬಿಯ ಮೇಲೆ.
ದಡಕ್ಕೆ ತೇಲಿಬಂದದ್ದು ಅದು, ಕೆಂಪು, ಸ್ವಲ್ಪ ಜಜ್ಜಿದ್ದು;
ಅಮ್ಮ ಕ್ರೋಶಾ ಹೆಣೆದು ಹಾಸಿ
ಅದರಲ್ಲೊಂದು ಪ್ಲಾಸ್ಟಿಕ್ ಗುಲಾಬಿ ಇಟ್ಟಿದ್ದಳು.
ನಾವದನ್ನು ಎಂದೂ ಕುಡಿದಿರಲಿಲ್ಲ. ಪೂಜೆಗೆ ರುಚಿ ಬೇಕಿಲ್ಲ.

ಆಮೇಲೆ ಪ್ರತಿಮೆ ಬಿತ್ತು. ಹಡಗು ತುಂಬಿತು, ಜನ ಹಗ್ಗಕ್ಕೂ ಜೋತುಬಿದ್ದರು.
ಮಾರೆಂಗ್ಲೆನ್ ಹೋದ, ಅಟ್ಟಿದರು, ಮತ್ತೆ ಹೋದ.
ಈಗ ಬಾರಿ ಪಟ್ಟಣದಲ್ಲಿ ಇನ್ಶೂರೆನ್ಸ್ ಮಾರುತ್ತಾನೆ,
ಎರಡು ಗಡ್ಡ ಬೋಳಿಸಿಕೊಂಡು ಬರೀ ಮಾರ್ಕೊ.
ಮೊದಲ ಫೋನಿನಲ್ಲೇ ಹೇಳಿದ್ದ:
‘ಆ ಪುಡಿ ತಂದು ಒಗೆದೆ ಕಣೇ. ಅಷ್ಟೇನೂ ಬೆಳ್ಳಗಾಗಲಿಲ್ಲ.’

ಬೀಚಿನ ಬಂಕರಿಗೆ ಈಗ ಗುಲಾಬಿ ಬಣ್ಣ; ಒಳಗೆ ಕಾಫಿ.
ಗೋಡೆಗೆ ಪಯೊನೀರ್ ಮಕ್ಕಳ ಕೆಂಪು ರುಮಾಲು,
ಆ ಕಾಲದ್ದೆಂದು ಸೀಳುಬಿಟ್ಟ ಎನಾಮಲ್ ಲೋಟ, ಅದಕ್ಕೆ ದುಪ್ಪಟ್ಟು ದರ.
ಹುಡುಗರು ಫೋಟೋ ತೆಗೆಸಿಕೊಳ್ಳುತ್ತಾರೆ.
ಜೆವಾಹಿರನ ಮಗ ಚುನಾವಣೆಗೆ ನಿಂತಿದ್ದಾನೆ;
ಪೋಸ್ಟರಿನಲ್ಲಿ ಅವನ ಅಂಗಿ, ಅಬ್ಬಾ,
ಜಾಹೀರಾತಿನವರಿಗಿಂತ ಬಿಳಿ.

ಕಳೆದ ವರ್ಷ ಕಡತಗಳನ್ನು ತೆರೆದುಕೊಟ್ಟರು.
ಅರ್ಜಿ, ಸರತಿ, ಮುದ್ರೆ; ಕೊನೆಗೆ ಕೈಗೆ ಬಂತು
ನಮ್ಮ ಮನೆಯ ತೆಳು ಫೈಲು. ಜೆವಾಹಿರನ ದುಂಡು ಅಕ್ಷರ.
ಆಂಟೆನಾದ ಮಾತೇ ಇಲ್ಲ. ಡಬ್ಬಿಯೂ ಇಲ್ಲ.
(ಅವನ ಆಂಟೆನಾ ಮೊಲದ ಗೂಡಿನಲ್ಲಿತ್ತೆಂದು ಆಮೇಲೆ ತಿಳಿಯಿತು.
ಉಪ್ಪಿನ ಋಣವೋ, ಮೊಲದ ಋಣವೋ.)
ಆದರೂ ಏನಾದರೂ ಬರೆಯಲೇಬೇಕಲ್ಲ ಪಾಪ, ಬರೆದಿದ್ದ:

‘ಮೂರನೇ ಮಹಡಿ. ವಿಧವೆ ಹಾತಿಜೆ, ವಯಸ್ಸು ಎಪ್ಪತ್ತೊಂದು.
ದಿನವೂ ರಾತ್ರಿ ಎಂಟಕ್ಕೆ ಅಪರಿಚಿತ ಗಂಡಸೊಬ್ಬನ ಜೊತೆ ಮಾತು.
ಊಟ ಆಯಿತೇ ಎಂದು ಕೇಳುತ್ತಾಳೆ.
ಗಂಡಸು ಒಳಬಂದದ್ದನ್ನು, ಹೊರಹೋದದ್ದನ್ನು
ಯಾರೂ ಕಂಡಿಲ್ಲ.’

ಕೆಳಗೆ ಮೇಲಧಿಕಾರಿಯ ನೀಲಿ ಪೆನ್ಸಿಲ್:
‘ಗಂಡಸು ಯಾರು? ಪತ್ತೆ ಮಾಡಿ.’