ಅರ್ಧ ಗಂಟೆ

ಕೊರ್ದೊಬಾದಲ್ಲಿ ಬೆಳಗಿನ ಆರೂಕಾಲು.
ಮಾತ್ರೆ ನುಂಗಿದ್ದೇನೆ. ಇನ್ನು ಅರ್ಧ ಗಂಟೆ ಬರೀ ನೀರು.
ಮಾಟೆ ಕಷಾಯದ ಸೋರೆಬುರುಡೆ
ಮೇಜಿನ ಮೇಲೆ ಬಾಯಿ ತೆರೆದು ಕೂತಿದೆ.
ಕೂತಿರಲಿ.

ಅಜ್ಜಿ ಬಾಸಿಲಿಯಾ ಉಪ್ಪು ಕಡಿಯುವವರ ಮನೆಯವಳು.
ಹುಹುಯ್ ಬೆಟ್ಟದಾಚೆ ಕಣ್ಣು ಕುಕ್ಕುವ ಬಿಳಿ ಬಯಲು,
ಕೊಡಲಿಯಲ್ಲಿ ಕಡಿದ ಉಪ್ಪಿನ ಇಟ್ಟಿಗೆ
ಕತ್ತೆಯ ಬೆನ್ನಿಗೆ ಎರಡೆರಡು.
ಅಷ್ಟು ಉಪ್ಪಿನ ನಡುವೆ ಹುಟ್ಟಿಯೂ
ಅವಳ ಕೊರಳಲ್ಲಿ ಗಳಗಂಡ,
ಮುಷ್ಟಿಯಷ್ಟು. ಮೇಲೊಂದು ಕೆಂಪು ಶಾಲು.
ನಡುಬೇಸಿಗೆಯ ಜನವರಿಯಲ್ಲೂ ಚಳಿ ಚಳಿ ಅನ್ನುವಳು.
ಕಾಲಿನ ಗೀರುಗಾಯ ಮಾಯಲು ಮೂರು ತಿಂಗಳು.
ಆ ಉಪ್ಪಿನಲ್ಲಿ ಅಯೋಡಿನ್ ಇರಲಿಲ್ಲವೆಂದು
ನಾನು ಓದಿ ತಿಳಿದದ್ದು ಅವಳು ಹೋದ ಮೇಲೆ.

ಈಗ ನನ್ನ ಕೆಲಸ
ಇಲಿಯ ಮಜ್ಜೆಯಿಂದ ಕಾವಲು ಕೋಶ ಬೆಳೆಸುವುದು.
ಇಪ್ಪತ್ತೆರಡು ವರ್ಷವಾಯಿತು.
ತಟ್ಟೆಯ ತಳದಲ್ಲಿ ಅವು
ಕೂಲಿ ಸಿಗದೆ ಮರಳಿದ ಆಳುಗಳಂತೆ ಮುದುಡಿ ಬಿದ್ದಿರುತ್ತವೆ.
ಒಂದು ಹನಿ ಹಾಕುತ್ತೇನೆ:
ಮೂರು ಅಯೋಡಿನ್ ಹೊತ್ತ ಹಾರ್ಮೋನು,
ಕೆರೆಗೆ ಚಿಟಿಕೆ ಉದುರಿಸಿದಷ್ಟು ತೆಳು.
ಮರುದಿನ ನೋಡಿದರೆ ಮೈತುಂಬ ತೋಳು!
ಟಿ ಕೋಶಗಳ ರಟ್ಟೆ ಹಿಡಿದು ಅಲ್ಲಾಡಿಸುತ್ತವೆ,
ಏಳ್ರೋ, ಯಾರೋ ಬಂದರು.
ಡಾಕ್ಟರ್ ಇರುಸ್ತಾ ಕಣ್ಣಿಟ್ಟು ನೋಡಿ
ಹ್ಞೂಂ ಅನ್ನುತ್ತಾರೆ. ಅಷ್ಟೇ.
ಹನಿ ಹೆಚ್ಚಾದರೆ, ಎಂದು ಕೇಳಿದ್ದೆ ಒಮ್ಮೆ.
ಬಾಗಿಲು ಅಲುಗಿಸಿದ ಗಾಳಿಗೂ ಕಲ್ಲು ಬೀರಬಹುದು, ಅಂದರು.

ನಲವತ್ತೊಂದಕ್ಕೆ ನನ್ನದೇ ರಕ್ತದ ಚೀಟಿ ಬಂತು.
ನನ್ನ ಕೋಶಗಳೇ ನನ್ನ ಥೈರಾಯ್ಡನ್ನು
ಹೊರಗಿನದೆಂದು ಬಗೆದು ಕಡಿಯುತ್ತಿವೆ.
ಯಾರ ಉಪ್ಪುಂಡು ಎದ್ದು ನಿಂತವೋ
ಅದೇ ಮನೆಗೆ ಎರಡು ಬಗೆದವು.
ಥೈರಾಯ್ಡ್ ಅಂದರೆ ಹಳೆಯ ಗ್ರೀಕರ ಮಾತಿನಲ್ಲಿ
ಗುರಾಣಿಯ ಆಕಾರದ್ದು ಅಂತೆ.
ಇರಲಿ. ಗುರಾಣಿಗೆ ಗೆದ್ದಲು ಹತ್ತುವುದೂ ಉಂಟು.

ಮಾತ್ರೆಯಲ್ಲಿರುವುದು ನಾಲ್ಕು ಅಯೋಡಿನ್.
ಒಂದನ್ನು ಕಳಚಿ ಮೂರು ಮಾಡಿಕೊಳ್ಳುವ ಕೆಲಸ
ಮೈಯದೇ. ಆ ಮೂರು
ಹೃದಯಕ್ಕೆ, ಕೂದಲಿಗೆ, ಕರುಳಿಗೆ,
ಕಡಿದ ಕೋಶಗಳಿಗೂ ಸಮಪಾಲು.
ಬಡಿಸುವವಳು ನಾನೇ, ಆದರೆ
ಪಂಕ್ತಿಭೇದ ಮಾಡಲು ಬಾರದು.

ಇನ್ನು ಒಂಬತ್ತು ನಿಮಿಷ.
ನೀರು ಕಾಯಲು ಇಟ್ಟೆ.
ಶಾಲಿಲ್ಲದ ಕೊರಳನ್ನು ಕೈ ಸುಮ್ಮನೆ ಮುಟ್ಟಿ
ಏನನ್ನೋ ಸರಿಮಾಡುತ್ತದೆ,
ಅಜ್ಜಿಯ ಕೈಯ ಹಾಗೆ.