ಸಾಕಾ

ವಾಶಿಯ ಮಂಡಿಯಿಂದ ಮರಳಿ ಬಂದಿವೆ ಹನ್ನೊಂದು ಪೆಟ್ಟಿಗೆ.
ಮುಚ್ಚಳದ ಮೇಲೆ ದಲಾಲ ನೀಲಿ ಸೀಮೆಸುಣ್ಣದಲ್ಲಿ
ಒಂದೇ ಪದ ಗೀಚಿದ್ದಾನೆ: ಸಾಕಾ.

ದೇವಗಡದವರ ಬಾಯಲ್ಲಿ ಅದು ಹಾಪೂಸಿನೊಳಗಿನ ಬೆಂಡು.
ನನ್ನ ನುಡಿಯಲ್ಲಿ ಪ್ರಶ್ನೆ,
ಎಲೆಯ ಮುಂದೆ ಸೌಟು ಹಿಡಿದು ನಿಂತವರು ಕೇಳುವಂಥದು.
ಇಲ್ಲಿ ಹಣ್ಣು ತಪಾಸಣೆಗೆ ಬಂದು ಇಪ್ಪತ್ತಾರು ಹಂಗಾಮು;
ಈಗಲೂ ಮೊದಲು ಕೇಳಿಸುವುದು ಪ್ರಶ್ನೆಯೇ.

ವೈಜಯಂತಾ ಘಾಡಿ ಚೂರಿ ತೊಳೆದು ಕೂತಳು.
ಹೊರಗೆ ಕಲೆಯಿಲ್ಲ, ತೂತಿಲ್ಲ, ಒತ್ತಿದರೆ ತಗ್ಗಿಲ್ಲ,
ಮೂಗಿಗೆ ಹಿಡಿದರೆ ಮದುವೆ ಮನೆ.
ಕೆನ್ನೆ ಕೊಯ್ದಳು.
ಓಟೆಗೆ ಆತುಕೊಂಡು, ಹಾಲೊಡೆದಂಥ ಬಿಳುಪು,
ನಾಲಗೆಗಿಟ್ಟರೆ ಹುಳಿ, ಮತ್ತೆ ಬರೀ ಗಾಳಿ.

"ಯಾರ ಕೆಲಸ ಇದು?" ಗುಣಾಜಿ ಪರಬ ಎದ್ದು ನಿಂತ.
ನೊಣ ಅಂದ. ಬೂಷ್ಟು ಅಂದ.
ಔಷಧಿ ಅಂಗಡಿಯವನ ಕಲಬೆರಕೆ ಅಂದ.
ಕೊನೆಗೆ ದನಿ ತಗ್ಗಿಸಿ, ಬೇಲಿಯಾಚೆಯ ದಾಯಾದಿಯ ಕಣ್ಣು ಅಂದ.

ಯಾರೂ ಒಳಗೆ ಬಂದಿಲ್ಲ, ಗುಣಾಜಿ.
ಕದ ಹಾಕಿದ್ದು ಹಾಕಿದ ಹಾಗೇ ಇದೆ.
ನಿನ್ನ ಮರದ ಬುಡ ಬೋಳು ಮುರಕಲ್ಲು;
ಏಪ್ರಿಲಿನ ಬಿಸಿಲು ನುಂಗಿ ಅದು ಮೇಲಕ್ಕೆ ಉಗುಳುತ್ತದೆ
ತಗ್ಗುಕೊಂಬೆಯ ಕಾಯಿಗಳ ಹೊಟ್ಟೆಗೆ.
ಸುಣ್ಣದಂಶ ಸಾಲದ ತಿರುಳಿಗೆ ಗೋಡೆ ತೆಳು.
ನೀನೋ, ದರ ಏರಲೆಂದು
ಇನ್ನೆರಡು ದಿನ, ಇನ್ನೆರಡು ದಿನ ಎಂದು ಕೊಯ್ಲು ತಡೆದೆ.
ಕತ್ತಲೊಳಗಿನ ಬೀಜ, ಕಾವು ತಾಗಿ,
ನೆಲಕ್ಕೆ ಬಿದ್ದೆನೆಂದೇ ತಿಳಿಯಿತು.
ಬೇರು ಬಿಡಲು ನೀರು ಬೇಕಲ್ಲ,
ಪಕ್ಕದಲ್ಲಿದ್ದದ್ದನ್ನೇ ಹೀರಿತು.

ರೋಗವಲ್ಲ. ಅವಸರ.

ಹೀಗೆಲ್ಲ ನಾನು ಹೇಳಲಿಲ್ಲ.
"ಬುಡಕ್ಕೆ ಒಣಹುಲ್ಲು ಹೊದಿಸುವುದು.
ಹದಿನಾಲ್ಕಾಣೆ ಬಲಿತಾಗಲೇ ಕೊಯ್ಯುವುದು"
ಎಂದು ಚೀಟಿ ಬರೆದು ಸಹಿ ಹಾಕಿದೆ.
"ಹೋದ ವರ್ಷವೂ ಇದನ್ನೇ ಬರೆದಿದ್ದಿರಿ" ಅಂದ.
ನಿಜ. ಹೋದ ವರ್ಷ ಆ ಹುಲ್ಲಿಗೆ ಬೀಡಿಯ ಕಿಡಿ ಬಿತ್ತು;
ಕಾವಲಿನ ಲೋಕಬಹಾದೂರ, ನೇಪಾಳದಿಂದ ತಂದ ಕಂಬಳಿಯಲ್ಲೇ
ಬಡಿದು ಬಡಿದು ಆರಿಸಿದ. ಕಂಬಳಿಯ ದುಡ್ಡು
ಇನ್ನೂ ಯಾರೂ ಕೊಟ್ಟಿಲ್ಲ.

ಮೂವತ್ತೆಂಟನೆಯ ಹಣ್ಣಿಗೆ ವೈಜಯಂತಾ ಚೂರಿ ಎತ್ತಿ ಹಿಡಿದು
"ಪುರೇ?" ಅಂದಳು.
ಅವಳ ಮಾತಲ್ಲಿ ಅದೇ ಪ್ರಶ್ನೆ.
ಗುಣಾಜಿ ಉತ್ತರಿಸಲಿಲ್ಲ, ಪೆಟ್ಟಿಗೆ ಎಣಿಸುತ್ತಿದ್ದ.

ತಿರುಳು ಎಮ್ಮೆಗೆ ಹೋಯಿತು.
ಓಟೆಗಳನ್ನು ಬಾವಿಯ ಬಚ್ಚಲ ಪಕ್ಕಕ್ಕೆ ಎಸೆದಳು.
ಉಳಿದ ಹಣ್ಣಿನ ಓಟೆಗಳು ಇನ್ನೂ ನಿದ್ದೆಯಲ್ಲಿರುವಾಗ
ಇವು ವಾರದೊಳಗೆ ಬಾಯಿ ಬಿಟ್ಟು
ಬೆರಳುದ್ದ ಬೇರು ಚಾಚಿವೆ.
ಬೆಳೆದರೂ ಹಾಪೂಸ್ ಅನ್ನಿಸಿಕೊಳ್ಳವು:
ಓಟೆಯಿಂದ ಎದ್ದದ್ದಕ್ಕೆ ಇಲ್ಲಿ ರಾಯವಳ ಎನ್ನುತ್ತಾರೆ,
ದಲಾಲ ಅದಕ್ಕೆ ಪೆಟ್ಟಿಗೆ ಕಳಿಸುವುದಿಲ್ಲ.

ಯಾರೂ ನೆಟ್ಟಿಲ್ಲ. ಯಾರೂ ಕಿತ್ತಿಲ್ಲ.
ಬೆಳಿಗ್ಗೆ ಮುಖ ತೊಳೆಯಲು ಬರುವ ಲೋಕಬಹಾದೂರ
ಕಾಲು ತುಸು ಎತ್ತಿ ದಾಟುತ್ತಾನೆ.