ಖಾಲಿ ಹೊಟ್ಟೆಯವರು

ಬೆಳಗಿನ ಆರೂವರೆ. ದುರ್ಗಿಗುಡಿಯ ನಮ್ಮ ಲ್ಯಾಬಿನ ಶಟರು
ಅರ್ಧ ಏರಿದ್ದೇ ತಡ, ಬಗ್ಗಿ ಒಳಗೆ ಬರುತ್ತಾರೆ
ಖಾಲಿ ಹೊಟ್ಟೆಯವರು.
"ನೀರು ಮಾತ್ರ ಕುಡಿದಿದ್ದೀನಿ, ಪರವಾಗಿಲ್ವಾ?"
ಅನ್ನುವವರ ಮೀಸೆಯಲ್ಲೇ
ಕಾಫಿಯ ನೊರೆ ಒಣಗಿರುತ್ತದೆ.

ಹನ್ನೊಂದು ವರ್ಷದಿಂದ ಈ ಊರಿನ ಮೊಣಕೈಗಳ ಒಳಮಗ್ಗುಲು ಬಲ್ಲೆ.
ಹೆಸರು ಮರೆತೀತು, ನರ ಮರೆಯದು.
ಫ್ಲೋರಿನ್ ಟೀಚರದು ಸೂಜಿ ಕಂಡರೆ ಜಾರಿಕೊಳ್ಳುವ ನರ;
ಸೀಗೆಹಟ್ಟಿಯ ತಬಸ್ಸುಮ್ ಅಕ್ಕನದು
ಮೂರು ಸಲ ತಟ್ಟಿದ ಮೇಲೆ ಏಳುವ ಸೋಮಾರಿ;
ಶೇಷನಾಯ್ಕರದು ಮಾತ್ರ ಬಾವಿಹಗ್ಗ,
ಭದ್ರಾವತಿಯ ಕುಲುಮೆಯೆದುರು ಮೂವತ್ತು ವರ್ಷ
ನಿಂತು ಬಂದ ತೋಳು.

ನಾಯ್ಕರಿಗೊಂದು ಉಪಾಯ ಗೊತ್ತಿತ್ತು.
ಪರೀಕ್ಷೆಗೆ ಮೂರು ದಿನ ಇದೆಯೆನ್ನುವಾಗ
ರಾಗಿ ಗಂಜಿ, ಹಾಗಲದ ರಸ, ಒಂದೆಲಗದ ತಂಬುಳಿ,
ತುಂಗೆಯ ಸೇತುವೆವರೆಗೆ ಎರಡು ಹೊತ್ತು ಬಿರುಸು ನಡಿಗೆ.
ನಾಲ್ಕನೆಯ ಬೆಳಿಗ್ಗೆ ತೋಳು ಚಾಚಿದರೆ
ಚೀಟಿ ಇಟ್ಟು ಪಾಸಾದ ಹುಡುಗನ ನಗೆ.
ನೂರಾ ಎಂಟು! ದೇವರ ಹೆಸರುಗಳಷ್ಟೇ!
ಅಲ್ಲಿಂದ ನೆಟ್ಟಗೆ ಜಿಲೇಬಿ, ನಾಲ್ಕು, ಬಿಸಿ ಬಿಸಿ.

ಈ ಸಲ ಡಾಕ್ಟರು ಇನ್ನೊಂದು ಸಾಲು ಬರೆದಿದ್ದರು.
"ಇದೇನಮ್ಮಾ?"
"ಮೂರು ತಿಂಗಳ ಸರಾಸರಿ. ರಕ್ತಕ್ಕೆ ಅಷ್ಟು ದಿನ ನೆನಪಿರುತ್ತೆ."
ಸುಮ್ಮನೆ ಕೂತರು. ಆಮೇಲೆ ಒಂದೊಂದೇ ಬೆರಳು ಮಡಚಿ,
"ಚೌತಿಯ ಮೋದಕ ಇದರೊಳಗೆ ಬರುತ್ತಾ?"
"ಬರುತ್ತೆ."
"ರಿಪ್ಪನ್‌ಪೇಟೆ ಮದುವೆಯ ಒಬ್ಬಟ್ಟು?"
"ಅದೂ."
"ಹೊಸನಗರದ ಭಾವನ ಮನೆಯ ಕಡುಬು, ಕೋಳಿ ಸಾರು,
ಅದರ ಮೇಲೆ ಜೋನಿಬೆಲ್ಲ ಸುರಿದುಕೊಂಡ ಎರಡು ದೋಸೆ?"
ನಾನು ಹತ್ತಿ ಒತ್ತಿ ಹಿಡಿದಿದ್ದೆ.
"ನನ್ನ ಹೆಸರೇ ಶೇಷ ಕಣಮ್ಮಾ," ಅಂದರು,
"ಎಷ್ಟು ಕಳೆದರೂ ಒಂದಿಷ್ಟು ಉಳಿದೇ ಉಳಿಯುತ್ತೆ."

ಎಂಟು ಪಾಯಿಂಟ್ ಒಂಬತ್ತು.
ಯಂತ್ರ ಹೇಳಿದ್ದು ಅಷ್ಟೇ.
ಒಬ್ಬಟ್ಟು ಬಡಿಸಿದ ಅಕ್ಕ ಆ ಎಂಟರಲ್ಲಿದ್ದಾಳೋ
ಪಾಯಿಂಟಿನ ಆಚೆಯ ಒಂಬತ್ತರಲ್ಲೋ,
ಬೇಡ ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ
ಬೆರಳ ಸಂದಿಯಿಂದ ಇಳಿದ ತುಪ್ಪ ಯಾವ ಸಾಲಿನಲ್ಲೋ,
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಮತ್ತೆ ಕಂಡದ್ದು ದೀಪಾವಳಿ ಕಳೆದ ಒಂದು ಸಂಜೆ,
ಗಾಂಧಿ ಬಜಾರಿನ ಬಾಣಲೆಯೆದುರು.
ನನ್ನ ಕೈಯಲ್ಲಿ ಮಿರ್ಚಿ ಮಂಡಕ್ಕಿ, ಎರಡನೇ ಪೊಟ್ಟಣ.
ನನ್ನನ್ನು ಕಂಡು ಅವರು ಕಂಬದ ಹಿಂದೆ,
ಅವರನ್ನು ಕಂಡು ನಾನು ಬಾಳೆಹಣ್ಣಿನ ಗಾಡಿಯ ಹಿಂದೆ.
ಚೌಡಮ್ಮ ಇಬ್ಬರನ್ನೂ ಈಚೆ ಕರೆದರು.
"ಒಂದೇ ಜಿಲೇಬಿ, ಅರ್ಧ ನನ್ನದು. ವಾರಕ್ಕೊಮ್ಮೆ.
ವಿನೋಬನಗರಕ್ಕೆ ನಡೆದೇ ಹೋಗೋದು, ಆಟೋ ಇಲ್ಲ.
ಪೂರ್ತಿ ಬಿಡಿಸಿದ್ದೆ ಕಣೇ, ಒಂದು ತಿಂಗಳು.
ತಟ್ಟೆ ಮುಂದೆ ಕೂತು ಗೋಡೆ ನೋಡ್ತಿದ್ರು.
ಗೋಡೆ ನೋಡೋ ಗಂಡನ್ನ ಇಟ್ಕೊಂಡು ನಾನೇನು ಮಾಡ್ಲಿ?"

ನಾಯ್ಕರು ಏನೂ ಅನ್ನಲಿಲ್ಲ. ತಮ್ಮ ಪಾಲನ್ನು
ಬೀದಿದೀಪಕ್ಕೆ ಹಿಡಿದು ತಿರುಗಿಸುತ್ತಿದ್ದರು,
ಕಾದ ಕಬ್ಬಿಣದ ಬಣ್ಣ ನೋಡಿ ಹದ ಹೇಳುತ್ತಿದ್ದ ಅದೇ ಕಣ್ಣು.
"ಅರವತ್ತೊಂಬತ್ತು ವರ್ಷ ಆಯ್ತು ನೋಡು,
ಇದರ ತುದಿ ಎಲ್ಲಿದೆ ಅಂತ ಇವತ್ತೇ ಕಂಡಿದ್ದು."
ತುದಿಯಿಂದ ಶುರು ಮಾಡಿದರು.
ಎರಡು ಬಸ್ಸು ಹೋದವು. ಇನ್ನೂ ಅರ್ಧದ ಅರ್ಧ ಇತ್ತು.

ಸಂಕ್ರಾಂತಿ ಹೊತ್ತಿಗೆ ಏಳು ಪಾಯಿಂಟ್ ಆರು.
ಡಾಕ್ಟರು ಗೊಣಗುವುದಕ್ಕೆ ಅಷ್ಟು ಸಾಕು,
ಚೌಡಮ್ಮ ಎಳ್ಳುಬೆಲ್ಲ ಹಂಚುವುದಕ್ಕೂ ಸಾಕು.

ಮಾರನೆಯ ದಿನ ಶಟರೆತ್ತುವ ಮೊದಲೇ ಹೋಗಿ
ಹೊಸದಾಗಿ ಸೇರಿದ ಹುಡುಗಿಯ ಮುಂದೆ ತೋಳು ಚಾಚಿದೆ.
ಊರಿನ ನರಗಳನ್ನೆಲ್ಲ ಬಲ್ಲ ನನಗೆ
ನನ್ನದು ಎಲ್ಲಿದೆಯೆಂದು ತೋರಿಸಲು ಬರಲಿಲ್ಲ.
ಅವಳು ತಟ್ಟಿದಳು, ಹುಡುಕಿದಳು,
ತಲೆಯೆತ್ತಿ ನನ್ನ ಮುಖ ನೋಡಿದಳು.
"ನೀರು ಮಾತ್ರ," ಅಂದೆ,
ಅನ್ನುತ್ತ ಮೇಲ್ದುಟಿ ಒರೆಸಿಕೊಂಡೆ.